ಎರಿ ಹೊಲದ ನೀರಿನ ಲೆಕ್ಕ

ನಮ್ಮದು ಡೋಣಿ ಸಾಲಿನ ಎರಿ ಭೂಮಿ. ದಿಬ್ಬದ ಮೇಲಿನ ಮಡ್ಡಿ ನೆಲ ತೆಳು; ತಗ್ಗಿಗೆ ಇಳಿದಂತೆ ಎರಿ ಆಳ. ದಿಬ್ಬದ ಸಣ್ಣ ಮಣ್ಣು ಮಳೆನೀರಿನ ಜೊತೆ ತೊಳೆದು ಬಂದು ತಗ್ಗಿನಲ್ಲಿ ಕೂಡುತ್ತದೆ.

ಎರಿಯ ಜಿಗಟು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಮೊದಲ ಮಳೆ ಬಿರುಕಿನೊಳಗೆ ಸೀದಾ ಇಳಿಯುತ್ತದೆ. ಬಿರುಕು ಮುಚ್ಚಿದ ಮೇಲೆ ಇಂಗುವುದು ಬಲು ನಿಧಾನ. ಜೋರು ಮಳೆ ಹಳ್ಳದ ಪಾಲು, ಜೊತೆಗೆ ಮಣ್ಣೂ. ಅದಕ್ಕೇ ನಾನು ಮುಂಗಾರಿನಲ್ಲಿ ಚೌಕು ಮಡಿ ಕಟ್ಟುತ್ತೇನೆ. ಎಕರೆಗೆ 1 ಮಿ.ಮೀ. ಮಳೆ ಅಂದರೆ ಸುಮಾರು 4,000 ಲೀಟರ್. 25 ಮಿ.ಮೀ. ಇಂಗಿಸಿದರೆ ಒಂದು ಲಕ್ಷ ಲೀಟರ್ ಆಯ್ತಲ್ಲ!

1 ಮೀಟರ್ ಆಳದ ಎರಿ ಸುಮಾರು 150ರಿಂದ 200 ಮಿ.ಮೀ. ನೀರನ್ನು ಬೆಳೆಗೆ ಕೊಡಬಲ್ಲದು. ಹಿಂಗಾರಿ ಬಿಳಿಜೋಳ, ಕಡಲೆ ಬದುಕುವುದು ಇದರ ಮೇಲೆಯೇ. ಕೊನೆಯ ಪಾಲನ್ನು ಮಾತ್ರ ಜಿಗಟು ಬಿಗಿ ಹಿಡಿಯುತ್ತದೆ. ಮಣ್ಣು ಹಸಿ ಕಂಡರೂ ಬೇರಿಗೆ ದಕ್ಕದು.

ಬಿತ್ತುವ ಮುನ್ನ ಕಬ್ಬಿಣದ ಸಲಾಕೆ ಒತ್ತಿ ನೋಡಿರಿ. ಹಸಿ ಇದ್ದಷ್ಟು ಸಲೀಸಾಗಿ ಇಳಿದು, ಒಣನೆಲ ತಾಗಿದಲ್ಲಿ ನಿಲ್ಲುತ್ತದೆ. ಎರಡು ಮೊಳ ಇಳಿದರೆ ನಾನು ಧೈರ್ಯದಿಂದ ಜೋಳ ಬಿತ್ತುತ್ತೇನೆ. ಒಂದೇ ಮೊಳವಾದರೆ ಬೀಜ ಕಡಿಮೆ ಮಾಡಿ, ಸಾಲು ಅಗಲ ಬಿಡುತ್ತೇನೆ. ಸಾಲ ಮಾಡಿ ಗೊಬ್ಬರ ಸುರಿಯುವ ವರ್ಷ ಅದಲ್ಲ. ಬಿತ್ತಿದ ಮೇಲೆ, ನೆಲ ಬಿರಿಯುವ ಮೊದಲೇ ಎಡೆ ಹೊಡೆಯಿರಿ. ಬಿರುಕು ಬಿಟ್ಟರೆ ಒಳಗಿನ ಹಸಿಯೆಲ್ಲ ಆರಿ ಹೋಗುತ್ತದೆ.