ಟಿಸಿ ಭಯ, ಒಂದು ಫೋನ್ ಕರೆ

ನಮ್ಮ ಕಡೆಯ ಕಾಲೇಜುಗಳ ಪ್ರಾಸ್ಪೆಕ್ಟಸ್‌ನಲ್ಲಿ ಫೀಸಿನ ಪಟ್ಟಿ ಮುಗಿದ ಮೇಲೆ ಬರುವ ‘ಸಾಮಾನ್ಯ ನಿಯಮಗಳು’ ಎಂಬ ಪುಟವನ್ನು ಓದುವವರು ಕಡಿಮೆ. ಶೇ 75 ಹಾಜರಾತಿ, ಗುರುತಿನ ಚೀಟಿ, ಮೊಬೈಲು, ಬೈಕು ನಿಲ್ಲಿಸುವ ಜಾಗ. ಕೊನೆಗೆ ಮದ್ಯ, ಮಾದಕ ವಸ್ತು ಮುಟ್ಟಿದವರಿಗೆ ಟಿಸಿ, ಪ್ರಾಂಶುಪಾಲರ ತೀರ್ಮಾನವೇ ಅಂತಿಮ. ಪುಟ ಓದದ ಹುಡುಗರಿಗೂ ಈ ಕೊನೆಯ ಸಾಲು ಮಾತ್ರ ಬಾಯಿಪಾಠ.

ಬೀರೂರಿನಲ್ಲಿ ರೂಮು ಮಾಡಿಕೊಂಡು ಕಡೂರಿನ ಕಾಲೇಜಿಗೆ ಹೋಗುವ ಮೂವರು ಹುಡುಗರು ಎಂದಿಟ್ಟುಕೊಳ್ಳಿ. ಹುಟ್ಟುಹಬ್ಬದ ರಾತ್ರಿ ಒಬ್ಬ ವಿಪರೀತ ಕುಡಿದು ವಾಂತಿ ಮಾಡಿಕೊಂಡು ಬಿದ್ದಿದ್ದಾನೆ. ಎಬ್ಬಿಸಿದರೆ ಏಳುತ್ತಿಲ್ಲ, ಮೈ ತಣ್ಣಗಾಗಿದೆ, ಉಸಿರು ಬಿಟ್ಟು ಬಿಟ್ಟು ಬರುತ್ತಿದೆ. ಉಳಿದಿಬ್ಬರು ತಲೆಗೆ ನೀರು ಹಾಕುತ್ತಾರೆ, ಬಾಯಿಗೆ ನಿಂಬೆರಸ ಸುರಿಯುತ್ತಾರೆ. ‘108ಕ್ಕೆ ಮಾಡೋಣ ಕಣೋ’ ಎಂದು ಒಬ್ಬ ಅಂದರೆ ಇನ್ನೊಬ್ಬ, ‘ಬೇಡ ಮಾರಾಯ, ಕಾಲೇಜಿಗೆ ಗೊತ್ತಾದ್ರೆ ಟಿಸಿ ಕೈಗೆ ಕೊಡ್ತಾರೆ. ಮಲಗಿದ್ರೆ ಸರಿಹೋಗ್ತಾನೆ’ ಅನ್ನುತ್ತಾನೆ.

ಸರಿಹೋಗುವುದಿಲ್ಲ. ಹೊಟ್ಟೆಯಲ್ಲಿ ಉಳಿದ ಮದ್ಯ ಮಲಗಿದ ಮೇಲೂ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಅದನ್ನು ಕರಗಿಸುವ ಕೆಲಸ ಯಕೃತ್ತಿನದು; ನಿಂಬೆಹಣ್ಣು, ಮಜ್ಜಿಗೆ, ತಣ್ಣೀರು ಆ ಕೆಲಸವನ್ನು ಚುರುಕು ಮಾಡಲಾರವು. ಪ್ರಜ್ಞೆ ತಪ್ಪಿದವನ ಬಾಯಿಗೆ ಸುರಿದದ್ದು ಶ್ವಾಸನಾಳಕ್ಕೆ ಇಳಿಯಬಹುದು. ಅಂಗಾತ ಮಲಗಿದವನ ವಾಂತಿಯೂ ಅಷ್ಟೇ. ಮಗ್ಗುಲಾಗಿ ಮಲಗಿಸಿ, ಒಬ್ಬನನ್ನೇ ಬಿಡದೆ, ಆಂಬುಲೆನ್ಸ್ ಕರೆಯುವುದೊಂದೇ ದಾರಿ. ಇಷ್ಟನ್ನು ಯಾವ ಹುಡುಗನಿಗೂ ಹೇಳಿಕೊಡಬಹುದು. ಟಿಸಿ ಭಯವನ್ನು ತೆಗೆಯಲು ಮಾತ್ರ ಕಾಲೇಜಿನಿಂದಲೇ ಸಾಧ್ಯ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ 2002ರಲ್ಲಿ ಇದಕ್ಕೊಂದು ನಿಯಮ ತಂದಿತು. ಅತಿಯಾಗಿ ಕುಡಿದವನಿಗಾಗಿ ವೈದ್ಯಕೀಯ ನೆರವು ಕರೆದರೆ, ಕರೆದವನಿಗೂ ಕುಡಿದವನಿಗೂ ಮಾಮೂಲಿ ಶಿಸ್ತುಕ್ರಮವಿಲ್ಲ. ಬದಲಿಗೆ ಆಪ್ತ ಸಮಾಲೋಚನೆ. ಮುಂದಿನ ಎರಡು ವರ್ಷಗಳಲ್ಲಿ ನೆರವಿಗೆ ಬಂದ ಕರೆಗಳು ಹೆಚ್ಚಿದವು, ಕುಡಿತ ಹೆಚ್ಚಲಿಲ್ಲ. ‘ಸಲಿಗೆ ಕೊಟ್ಟರೆ ಹುಡುಗರು ಕೆಡುತ್ತಾರೆ’ ಎನ್ನುವ ನಮ್ಮ ಮೇಷ್ಟ್ರುಗಳಿಗೆ ಇದನ್ನು ತೋರಿಸಬೇಕು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಮಾದಕ ವಸ್ತುಗಳ ವಿಚಾರದಲ್ಲಿ ಬಹಳ ಬಿಗಿಯೆನಿಸಿಕೊಂಡ ನಮ್ಮ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲೇ 64ಎ ಎಂಬ ಕಲಮಿದೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಯುವುದಿಲ್ಲ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ವಾಪಸಾಗಬಹುದು. ಗಾಂಜಾಕ್ಕೆ ಅಲ್ಪ ಪ್ರಮಾಣವೆಂದರೆ ಒಂದು ಕಿಲೋವರೆಗೆ, ಹೆರಾಯಿನ್‌ಗೆ ಐದು ಗ್ರಾಂವರೆಗೆ. ಹೀಗೆ ಕಾಯ್ದೆಯೇ ಮಾಫಿ ಮಾಡುವ ಹುಡುಗನನ್ನು ಕಾಲೇಜು ಹೊರಹಾಕಬಹುದು. 64ಎ ಕಾಲೇಜಿನ ನಿಯಮಾವಳಿಯನ್ನು ಕಟ್ಟಿಹಾಕುವುದಿಲ್ಲ. ನ್ಯಾಯಾಲಯ ಬಿಟ್ಟವನನ್ನು ಪ್ರಾಂಶುಪಾಲರು ಶಿಕ್ಷಿಸುವುದು ನನಗಂತೂ ವಿಚಿತ್ರವಾಗಿ ಕಾಣುತ್ತದೆ.

ಪ್ರಾಣ ಕಳೆದುಕೊಳ್ಳಲು ಹೋದವರ ವಿಷಯದಲ್ಲೂ ಕಾನೂನು ಮುಂದಿದೆ, ಊರು ಹಿಂದಿದೆ. ‘ದೊಡ್ಡಾಸ್ಪತ್ರೆಗೆ ಹೋದ್ರೆ ಪೊಲೀಸ್ ಕೇಸ್ ಆಗುತ್ತೆ’ ಎಂದು ಹೆದರಿ ಹೊತ್ತು ಕಳೆಯುವವರು ಈಗಲೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಮು, ಹಾಗೆ ಮಾಡಿಕೊಂಡವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಅವರನ್ನು ಶಿಕ್ಷಿಸಬಾರದೆಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆ ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಮೇ ಇಲ್ಲ. ಆಸ್ಪತ್ರೆಯವರು ಎಂಎಲ್‌ಸಿ, ಅಂದರೆ ಮೆಡಿಕೊ-ಲೀಗಲ್ ಕೇಸು ಎಂದು ಬರೆಯುತ್ತಾರೆ, ನಿಜ. ಅದು ದಾಖಲೆ, ಉಳಿದುಕೊಂಡವರ ಮೇಲಿನ ಕೇಸಲ್ಲ. ಮೊದಲು ಜೀವ ಉಳಿಸಿ, ಕಾಗದಪತ್ರ ಆಮೇಲೆ ಎಂದು ಸುಪ್ರೀಂ ಕೋರ್ಟ್ 1989ರ ಪರಮಾನಂದ ಕಟಾರಾ ಪ್ರಕರಣದಲ್ಲೇ ಹೇಳಿದೆ.

ಕಡೂರು, ಬೀರೂರು, ತರೀಕೆರೆಯ ಮೇಲೆ ಹಾದುಹೋಗುವ ಹೆದ್ದಾರಿಯಲ್ಲಿ ಬೈಕು ಬಿದ್ದದ್ದನ್ನು ಕಂಡವರಿಗೂ ಒಂದು ಮಾತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134ಎ ಪ್ರಕಾರ, ಗಾಯಾಳುವನ್ನು ಒಳ್ಳೆಯ ಮನಸ್ಸಿನಿಂದ ಆಸ್ಪತ್ರೆಗೆ ಸೇರಿಸಿದವರ ಮೇಲೆ ಕೇಸು ಹಾಕುವಂತಿಲ್ಲ. ಕರ್ನಾಟಕಕ್ಕಂತೂ ಇದಕ್ಕೆ ತನ್ನದೇ 2016ರ ಕಾಯ್ದೆಯಿದೆ. ಕುಡಿದು ಬೈಕು ಓಡಿಸಿದವನಿಗೆ ಇದರಿಂದ ರಕ್ಷಣೆಯಿಲ್ಲ, ಇರಲೂಬಾರದು.

ರ್‍ಯಾಗಿಂಗ್ ಬೇರೆಯೇ ಕತೆ. 2009ರ ಮಾರ್ಚ್‌ನಲ್ಲಿ ಹಿಮಾಚಲದ ಟಾಂಡಾ ವೈದ್ಯಕೀಯ ಕಾಲೇಜಿನಲ್ಲಿ ಅಮನ್ ಕಚ್ರೂ ಎಂಬ ವಿದ್ಯಾರ್ಥಿ ಹಿರಿಯರ ಹೊಡೆತಕ್ಕೆ ಸತ್ತ. ಅದೇ ವರ್ಷ ಯುಜಿಸಿ ನಿಯಮಗಳು ಬಂದವು, 1800-180-5522 ಸಹಾಯವಾಣಿ ಬಂತು. ಹೆಸರು ಹೇಳದೆಯೂ ದೂರು ಕೊಡಬಹುದು. ಆದರೆ ಅದೇ ನಿಯಮಗಳಲ್ಲಿ, ತಪ್ಪಿತಸ್ಥರು ಯಾರೆಂದು ಗೊತ್ತಾಗದಿದ್ದರೆ ಎಲ್ಲರಿಗೂ ಸಾಮೂಹಿಕ ಶಿಕ್ಷೆ ಎಂಬ ಮಾತೂ ಇದೆ. ‘ನಿನ್ನಿಂದ ಇಡೀ ಹಾಸ್ಟೆಲ್‌ಗೆ ಶಿಕ್ಷೆ ಆಗುತ್ತೆ’ ಎಂದು ಕಿರಿಯನ ಬಾಯಿ ಮುಚ್ಚಿಸಲು ಹಿರಿಯರಿಗೆ ಇನ್ನೇನು ಬೇಕು? ಹೇಳಿದವರನ್ನು ಕಾಯುವ ದಾರಿಯನ್ನು ಸುಪ್ರೀಂ ಕೋರ್ಟ್ 1973ರಲ್ಲೇ ತೋರಿಸಿದೆ. ರಾಂಚಿಯ ರಾಜೇಂದ್ರ ಮೆಡಿಕಲ್ ಕಾಲೇಜಿನ ಹಾಸ್ಟೆಲ್ ಆವರಣಕ್ಕೆ ರಾತ್ರಿ ನುಗ್ಗಿದ ವಿದ್ಯಾರ್ಥಿಗಳ ಮೇಲೆ ಹುಡುಗಿಯರು ದೂರು ಕೊಟ್ಟಿದ್ದರು. ಅವರ ಹೆಸರು ಬಹಿರಂಗಪಡಿಸದೆ, ಆರೋಪಿಗಳಿಂದ ಪಾಟೀಸವಾಲು ಮಾಡಿಸದೆ ನಡೆಸಿದ ವಿಚಾರಣೆ ಸರಿಯೇ ಎಂದು ನ್ಯಾಯಾಲಯ ಎತ್ತಿಹಿಡಿಯಿತು. ಆರೋಪಿಗಳಿಗೆ ಉತ್ತರ ಕೊಡಲು ಅವಕಾಶವಂತೂ ಸಿಕ್ಕಿತ್ತು, ಅದನ್ನು ತಪ್ಪಿಸುವಂತಿಲ್ಲ.

ಅಧ್ಯಾಪಕರು ಕೊಡಬಾರದ ಒಂದು ಭರವಸೆಯೂ ಇದೆ. ಪಿಯು ಮಕ್ಕಳಲ್ಲಿ ಬಹುಪಾಲು 18 ತುಂಬದವರು. ಅಂಥ ಹುಡುಗಿಯೊಬ್ಬಳು ಲೈಂಗಿಕ ದೌರ್ಜನ್ಯದ ಸುಳಿವು ಕೊಟ್ಟಾಗ ‘ಯಾರಿಗೂ ಹೇಳಲ್ಲ, ಹೇಳಮ್ಮ’ ಅಂದುಬಿಡುವುದು ಸಹಜ. 2012ರ ಪೋಕ್ಸೊ ಕಾಯ್ದೆಯಂತೆ ಗೊತ್ತಾದದ್ದನ್ನು ಪೊಲೀಸರಿಗೆ ತಿಳಿಸಲೇಬೇಕು; ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಕೃತ್ಯವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. ಹೇಳದೆ ಉಳಿದ ಮಗುವಿಗೆ ಮಾತ್ರ ಶಿಕ್ಷೆಯಿಲ್ಲ. ಆದ್ದರಿಂದ ‘ನಿನ್ನ ಹೆಸರು ಊರಿಗೆ ತಿಳಿಯದ ಹಾಗೆ ನೋಡ್ಕೊತೀವಿ, ನಿನಗೆ ಏನೂ ಶಿಕ್ಷೆ ಇಲ್ಲ’ ಎನ್ನುವುದು ಪ್ರಾಮಾಣಿಕ ಮಾತು.

ಮಕ್ಕಳು ಮನಬಿಚ್ಚಿ ಮಾತಾಡಲು ಯಾರಾದರೂ ಇರಬೇಕಲ್ಲ. 2025ರ ಜುಲೈ 25ರಂದು ಸುಕ್‌ದೇಬ್ ಸಾಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಸಂಸ್ಥೆಯಲ್ಲೂ ಅರ್ಹ ಸಮಾಲೋಚಕರೊಬ್ಬರು ಇರಬೇಕೆಂದಿತು. ಟೆಲಿ ಮಾನಸ್‌ನಂಥ ಮಾನಸಿಕ ಆರೋಗ್ಯ ಸಹಾಯವಾಣಿಗಳ ಸಂಖ್ಯೆ ತರಗತಿ, ಹಾಸ್ಟೆಲುಗಳಲ್ಲಿ ದೊಡ್ಡ ಅಕ್ಷರದಲ್ಲಿ ಕಾಣಬೇಕೆಂದಿತು. ಸಮಾಲೋಚಕರು ಸಿಗುವುದು ತಡವಾದರೂ ಬೋರ್ಡು ಬರೆಸಲು ತಡವೇಕೆ?

ಕುವೆಂಪು ವಿಶ್ವವಿದ್ಯಾಲಯದ ಅಡಿಯ ಕಾಲೇಜಾಗಲಿ, ಪಿಯು ಕಾಲೇಜಾಗಲಿ, ತನ್ನ ನಿಯಮಗಳ ಪುಟಕ್ಕೆ ಒಂದು ವಾಕ್ಯ ಸೇರಿಸಿದರೆ ಸಾಕು: ‘ತನ್ನ ಅಥವಾ ಜೊತೆಯವರ ಜೀವಕ್ಕೆ ಅಪಾಯವೆಂದು ನೆರವು ಕೇಳಿದ ವಿದ್ಯಾರ್ಥಿಯ ಮೇಲೆ, ಆ ಹೊತ್ತಿನಲ್ಲಿ ಮದ್ಯ ಅಥವಾ ಮಾದಕ ವಸ್ತು ಸೇವಿಸಿದ್ದ ಕಾರಣಕ್ಕೆ ಶಿಸ್ತುಕ್ರಮವಿಲ್ಲ.’ ಮಾರಿದವನಿಗೆ, ಹೊಡೆದವನಿಗೆ, ಹೆಣ್ಣುಮಕ್ಕಳ ಮೈಮೇಲೆ ಕೈ ಹಾಕಿದವನಿಗೆ ಇದು ಅನ್ವಯಿಸದೆಂದು ಕೆಳಗೇ ಬರೆಯಿರಿ. ಚಿಕಿತ್ಸೆ ಮುಗಿಸಿ ಬಂದವನ ಹಾಜರಾತಿಗೆ ವಿನಾಯಿತಿ ಕೊಡುವ ಮಾತೂ ಇರಲಿ, ಇಲ್ಲವಾದರೆ ಮಾಫಿ ಸಿಕ್ಕ ಹುಡುಗ ಶೇ 75ರ ಲೆಕ್ಕದಲ್ಲಿ ಹೊರಬೀಳುತ್ತಾನೆ.

ತಂದೆತಾಯಿಗಳೇ, ದಾಖಲಾತಿಗೆ ಹೋದಾಗ ಈ ಸಾಲು ಇದೆಯೇ ಎಂದು ಕೇಳಿ. ಮಕ್ಕಳ ಫೋನಿನಲ್ಲಿ 108 ಮತ್ತು 112ರ ಜೊತೆಗೆ ಟೆಲಿ ಮಾನಸ್‌ನ 14416 ಸಂಖ್ಯೆಯೂ ಇರಲಿ. ಆ ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.