ಗದ್ದೆಯವರ ದೋಣಿಯೋಟ

2024ರ ಸೆಪ್ಟೆಂಬರ್ 28ರ ಸಂಜೆ, ಆಲಪ್ಪುಳದ ಪುನ್ನಮಡ ಹಿನ್ನೀರಿನಲ್ಲಿ ನಡೆದ ನೆಹರು ಟ್ರೋಫಿ ಫೈನಲ್‌ನಲ್ಲಿ ಕಾರಿಚ್ಚಾಲ್ ದೋಣಿ 4 ನಿಮಿಷ 29.785 ಸೆಕೆಂಡಿಗೆ ಗುರಿ ಮುಟ್ಟಿತು. ವೀಯಪುರಂ ದೋಣಿಗೆ ಹಿಡಿದದ್ದು 4 ನಿಮಿಷ 29.790 ಸೆಕೆಂಡು. ನೂರಡಿಗೂ ಮೀರಿದ ಉದ್ದ, ಒಳಗೆ ನೂರರ ಹತ್ತಿರ ಜನ. ಅಂಥ ಎರಡು ದೋಣಿಗಳ ನಡುವಿನ ಅಂತರ ಸೆಕೆಂಡಿನ ಸಾವಿರ ಪಾಲಿನಲ್ಲಿ ಬರೀ ಐದು ಪಾಲು. ದಡದಲ್ಲಿ ನಿಂತಿದ್ದ ನಮ್ಮ ಗುಂಪಿನಲ್ಲಿ ಯಾರಿಗೂ ಗೆದ್ದವರು ಯಾರೆಂದು ಕಣ್ಣಳತೆಯಲ್ಲಿ ತಿಳಿಯಲಿಲ್ಲ.

ನಾವು ಸುಳ್ಯ, ಪುತ್ತೂರು ಕಡೆಯ ಅಡಿಕೆ ಕೃಷಿಕರು. ತೋಟಕ್ಕೆ ಮದ್ದು ಬಿಡುವ ಗಡಿಬಿಡಿ ತಗ್ಗಿತ್ತು, ಕೊಯ್ಲಿಗೆ ಇನ್ನೂ ಸಮಯವಿತ್ತು. ಸಂಜೆ ಮಂಗಳೂರಿನಲ್ಲಿ ಮಾವೇಲಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಾಗುವ ಮೊದಲೇ ಆಲಪ್ಪುಳ. ಜೊತೆಗೆ ಕಾಸರಗೋಡಿನ ಭಾವ ಇದ್ದುದರಿಂದ ಮಲಯಾಳಕ್ಕೆ ತೊಂದರೆ ಇರಲಿಲ್ಲ. ಓಟದ ಹಿಂದಿನ ದಿನವೇ ಹೋಗೋಣ, ಮೊದಲು ಊರು ನೋಡೋಣ ಎಂದವರೂ ಅವರೇ. ಆ ಮಾತು ಎಷ್ಟು ಸರಿಯಾದದ್ದೆಂದು ಆ ದಿನವೇ ಅರ್ಥವಾಯಿತು.

ಆಲಪ್ಪುಳದ ಜೆಟ್ಟಿಯಿಂದ ಸರ್ಕಾರಿ ಜಲಸಾರಿಗೆಯ ಬೋಟುಗಳು ನಮ್ಮ ಲೋಕಲ್ ಬಸ್ಸುಗಳ ಹಾಗೆ ಊರೂರಿಗೆ ಹೋಗುತ್ತವೆ. ಸಾಮಾನ್ಯ ಟಿಕೆಟ್ಟಿನಲ್ಲಿ, ಸಂತೆ ಮುಗಿಸಿ ಹೊರಟ ಹೆಂಗಸರು, ಶಾಲೆ ಮಕ್ಕಳ ನಡುವೆ ಕುಳಿತು ಕುಟ್ಟನಾಡಿನ ಒಳಕ್ಕೆ ಹೊರಟೆವು. ಎರಡೂ ಕಡೆ ತೆಂಗಿನ ಸಾಲಿನ ಕಟ್ಟೆ, ಕಟ್ಟೆಯಾಚೆ ನೀರು ತುಂಬಿದ ಗದ್ದೆ. ಬೋಟಿನಿಂದ ಇಣುಕಿದರೆ ಗದ್ದೆ ಕಾಲುವೆಗಿಂತ ಕೆಳಗಿರುವುದು ಕಾಣುತ್ತದೆ. ಇಲ್ಲಿನ ಭತ್ತದ ಗದ್ದೆಗಳು ಸಮುದ್ರಮಟ್ಟಕ್ಕಿಂತ ಒಂದರಿಂದ ಮೂರು ಮೀಟರ್ ಕೆಳಗಿವೆ. ಪಂಪಾ, ಮಣಿಮಲ, ಅಚ್ಚನ್‌ಕೋವಿಲ್, ಮೀನಚ್ಚಿಲ್ ನದಿಗಳು ವೇಂಬನಾಡು ಸರೋವರ ಸೇರುವ ತಗ್ಗು ಇದು. ಹಿಂದಿನವರು ತೆಂಗಿನ ಕಾಂಡ, ಬಿದಿರು ಹುಗಿದು, ನೀರಿನಡಿಯ ಜೇಡಿ ಎತ್ತಿ ಕಟ್ಟೆ ಕಟ್ಟಿ, ಕಾಲಿನಿಂದ ಚಕ್ರ ತುಳಿದು ನೀರು ಹೊರಹಾಕಿ ಗದ್ದೆ ಮಾಡಿದರು. ಈಗ ಆ ಕೆಲಸ ಪಂಪಿನದು. ಈ ಕೃಷಿಪದ್ಧತಿಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಜಾಗತಿಕ ಮಹತ್ವದ ಪರಂಪರೆಯೆಂಬ ಮನ್ನಣೆ ಕೊಟ್ಟಿದೆ.

ಕೃಷಿಕರಾದ ನಮಗೆ ಮುಖ್ಯವಾಗಿ ತಟ್ಟಿದ್ದು ಒಂದು ವಿಷಯ. ಇಲ್ಲಿ ಒಬ್ಬನೇ ತನ್ನ ಗದ್ದೆಯ ನೀರು ತೆಗೆಯುವಂತಿಲ್ಲ. ಒಂದೇ ಕಟ್ಟೆಯೊಳಗೆ ಹತ್ತಾರು ಮನೆಗಳ ಗದ್ದೆ ಇರುತ್ತದೆ. ಅದಕ್ಕೆ ಪಾಡಶೇಖರ ಎನ್ನುತ್ತಾರೆ. ನೀರೆತ್ತುವ ದಿನ, ಬಿತ್ತುವ ದಿನ, ಕಟ್ಟೆ ಕಾಯುವ ಪಾಳಿ ಎಲ್ಲವೂ ಒಟ್ಟಾಗಿ ತೀರ್ಮಾನವಾಗಬೇಕು. ಒಂದು ಕಡೆ ಕಟ್ಟೆ ಒಡೆದರೆ ಎಲ್ಲರ ಭತ್ತವೂ ಮುಳುಗುತ್ತದೆ. ಮುಖ್ಯ ಬೆಳೆಯಾದ ಪುಂಜ ಬಿತ್ತನೆಯಾಗುವುದು ಮಳೆ ಕಳೆದ ಮೇಲೆ. ಅಲ್ಲಿಯವರೆಗೆ ಬಹುಪಾಲು ಗದ್ದೆ ನೀರಿನಡಿ, ದುಡಿಯುವ ಕೈಗಳಿಗೆ ಬಿಡುವು. ವಳ್ಳಂಕಳಿ, ಅಂದರೆ ದೋಣಿಯೋಟಗಳ ಕಾಲವೂ ಅದೇ. ನಮ್ಮ ಕಂಬಳ ಹೇಗೆ ಭತ್ತದ ಕೊಯ್ಲಿಗೆ ಅಂಟಿಕೊಂಡಿದೆಯೋ ಹಾಗೆಯೇ ಇದು ಇಲ್ಲಿನ ಬೇಸಾಯದ ಪಂಚಾಂಗದೊಳಗೆ ಹುಟ್ಟಿದ ಆಟ.

ಒಂದು ಊರಿನಲ್ಲಿ ದೋಣಿಯ ಕೊಟ್ಟಿಗೆ ನೋಡಿದೆವು. ಎತ್ತರದ ಚಪ್ಪರದಡಿ ಮಲಗಿದ್ದ ಚುಂಡನ್ ವಳ್ಳದ, ಅಂದರೆ ಓಟದ ಉದ್ದನೆಯ ದೋಣಿಯ, ಮೈ ಕಪ್ಪಗೆ ಮಿನುಗುತ್ತಿತ್ತು. ಮೂತಿ ಚೂಪು, ನೀರಿಗೆ ತಾಗುವಷ್ಟು ತಗ್ಗು. ಹಿಂಭಾಗ ಹೆಡೆಯೆತ್ತಿದಂತೆ ಮೇಲಕ್ಕೆ, ಅದಕ್ಕೆ ಹಿತ್ತಾಳೆಯ ಅಲಂಕಾರ. ಹಲಗೆ ಮುಟ್ಟಿ ನೋಡಿದ ಭಾವ, “ಇದು ನಮ್ಮ ಹೆಬ್ಬಲಸೇ ಮಾರಾಯ್ರೆ” ಅಂದರು. ನಿಜ. ಮಲಯಾಳಿಗಳು ಆಞ್ಞಿಲಿ ಎನ್ನುವ ಮರ ನಮ್ಮ ಕಾಡಂಚಿನ ಹೆಬ್ಬಲಸು. ನೀರಿಗೆ ಸುಲಭವಾಗಿ ಸೋಲದ, ನೇರವಾಗಿ ಎತ್ತರಕ್ಕೆ ಬೆಳೆಯುವ ಮರ. ಮೀನೆಣ್ಣೆ, ತೆಂಗಿನ ಗೆರಟೆಯ ಮಸಿ, ಮೊಟ್ಟೆ ಸೇರಿಸಿ ಮೈಗೆ ಬಳಿದರೆ ಮರ ಗಟ್ಟಿಯಾಗುತ್ತದೆ, ನೀರಿನಲ್ಲಿ ಜಾರುತ್ತದೆ. ಚೆಂಬಕಶ್ಶೇರಿ ರಾಜನಿಗಾಗಿ ಒಬ್ಬ ಆಚಾರಿ ಇಂಥ ಯುದ್ಧದೋಣಿಯನ್ನು ಮೊದಲು ಕಟ್ಟಿದನೆಂಬ ಐತಿಹ್ಯ ಕುಟ್ಟನಾಡಿನಲ್ಲಿದೆ.

“ಯಾರದ್ದು ಈ ದೋಣಿ?” ಎಂದು ಅಲ್ಲಿದ್ದ ಹಿರಿಯರನ್ನು ಕೇಳಿದೆ. “ಊರಿನದ್ದು” ಎಂದರು. ಮನೆಮನೆಯವರು ಪಾಲು ಹಾಕಿ ಕಟ್ಟಿಸಿದ್ದು. ಕಟ್ಟುವ ಖರ್ಚು ಒಬ್ಬರ ಕೈಗೆ ನಿಲುಕುವಂಥದ್ದಲ್ಲ. ದುರಸ್ತಿ, ಎಣ್ಣೆ, ಅಭ್ಯಾಸದ ದಿನಗಳ ಊಟ, ಎಲ್ಲಕ್ಕೂ ಊರೇ ಹೊಣೆ. ಕಟ್ಟೆ ಕಾಯುವವರೂ ದೋಣಿ ಕಾಯುವವರೂ ಅದೇ ಜನ. ಅದಕ್ಕೇ ಹೆಚ್ಚಿನ ದೋಣಿಗಳಿಗೆ ಊರಿನ ಹೆಸರು: ಕಾರಿಚ್ಚಾಲ್, ವೀಯಪುರಂ, ನಡುಭಾಗಂ, ಚಂಬಕ್ಕುಳಂ.

ಈ ಓಟಕ್ಕೆ ನೆಹರು ಹೆಸರು ಬಂದ ಕಥೆಯನ್ನೂ ಅವರೇ ಹೇಳಿದರು. 1952ರ ಡಿಸೆಂಬರಿನಲ್ಲಿ ಪ್ರಧಾನಿ ನೆಹರು ಕೋಟ್ಟಯಂನಿಂದ ಜಲಮಾರ್ಗವಾಗಿ ಆಲಪ್ಪುಳಕ್ಕೆ ಬಂದಾಗ ಅವರ ಗೌರವಕ್ಕೆ ಓಟ ಏರ್ಪಡಿಸಿದ್ದರು. ಗೆದ್ದದ್ದು ನಡುಭಾಗಂ. ಸಂತೋಷ ತಡೆಯಲಾಗದೆ ನೆಹರು ಭದ್ರತೆಯ ಗೊಡವೆ ಬಿಟ್ಟು ಆ ದೋಣಿಗೇ ಹಾರಿದರು. ದಿಲ್ಲಿಗೆ ಮರಳಿ, ಚುಂಡನ್ ದೋಣಿಯ ಬೆಳ್ಳಿಯ ಪ್ರತಿಕೃತಿಯನ್ನು ತಮ್ಮ ಸಹಿ ಹಾಕಿ ಕಳಿಸಿದರು. ತಿರುವಾಂಕೂರು-ಕೊಚ್ಚಿಯ ಸಮುದಾಯ ಜೀವನದ ಅಪೂರ್ವ ಲಕ್ಷಣ ಈ ಓಟ ಎಂಬರ್ಥದ ಬರಹ ಅದರ ಮೇಲಿದೆ. ಒಂದೇ ದಿನದ ಭೇಟಿಯಲ್ಲಿ ಅವರು ಇದರ ಮೂಲವನ್ನೇ ಗುರುತಿಸಿದ್ದರು.

ಮರುದಿನ ಬೆಳಿಗ್ಗೆ ಬೇಗನೆ ಹೋಗಿ ಜಾಗ ಹಿಡಿದೆವು. ತಡವಾದರೆ ರಸ್ತೆ, ಜಲಮಾರ್ಗ ಎರಡೂ ಬಂದ್ ಆಗುತ್ತವೆ, ಟಿಕೆಟ್ ಇದ್ದರೂ ಗ್ಯಾಲರಿ ತಲುಪುವುದು ಕಷ್ಟ. ಮೊದಲು ಸಣ್ಣ ದೋಣಿಗಳ ಓಟ. ಚುರುಳನ್, ಇರುಟ್ಟುಕುತ್ತಿ, ವೆಪ್ಪ್ ಎಂದು ಒಂದೊಂದಕ್ಕೂ ಬೇರೆ ಆಕಾರ, ಬೇರೆ ವರ್ಗ. ತೆಕ್ಕನೋಡಿ ದೋಣಿಗಳಲ್ಲಿ ಹೆಂಗಸರೇ ಹುಟ್ಟು ಹಾಕುತ್ತಾರೆ. ನಮ್ಮ ಜೊತೆ ಬಂದ ಅಕ್ಕಂದಿರು ಎದ್ದು ನಿಂತು ಕೂಗಿದ್ದು ಆಗಲೇ.

ಚುಂಡನ್‌ಗಳು ಬಂದಾಗ ಏನನ್ನು ನೋಡಬೇಕೆಂದು ಗೊತ್ತಿದ್ದರೆ ನಾಲ್ಕೂವರೆ ನಿಮಿಷ ಸಾಲದು. ಎರಡು ಸಾಲಾಗಿ ಕುಳಿತವರು ಹುಟ್ಟು ಹಾಕುತ್ತಾರೆ. ಹಿಂದೆ ಎತ್ತರದಲ್ಲಿ ನಿಂತವರು ಉದ್ದದ ಹುಟ್ಟುಗಳಿಂದ ದಿಕ್ಕು ಹಿಡಿಯುತ್ತಾರೆ. ಅಷ್ಟುದ್ದದ ದೋಣಿ ಸ್ವಲ್ಪ ಸೊಟ್ಟಗಾದರೂ ಪಕ್ಕದ ಸಾಲಿಗೆ ನುಗ್ಗುತ್ತದೆ. ನಡುವೆ ನಿಂತವರು ಒನಕೆಯಂಥ ಮರದ ಕೋಲುಗಳಿಂದ ಹಲಗೆ ಕುಟ್ಟಿ ತಾಳ ಕೊಡುತ್ತಾರೆ. ಸದ್ದು ಎರಡು ದಡದಲ್ಲೂ ಕೇಳುತ್ತದೆ. ಆ ಕುಟ್ಟು ಚುರುಕಾದರೆ ಹುಟ್ಟುಗಳೂ ಚುರುಕು. ಒಬ್ಬನ ಹುಟ್ಟು ತಡವಾದರೆ ಹಿಂದಿನವನ ಹುಟ್ಟಿಗೆ ಬಡಿಯುತ್ತದೆ. ಎಷ್ಟೇ ಬಲಶಾಲಿಯಾದರೂ ಇಲ್ಲಿ ಒಬ್ಬನೇ ಮುಂದೆ ಹೋಗುವಂತಿಲ್ಲ.

ಅಂದು ಕಾರಿಚ್ಚಾಲ್ ಗೆದ್ದದ್ದು 16ನೆಯ ಸಲ. ಬೇರೆ ಯಾವ ದೋಣಿಯೂ ಅಷ್ಟು ಸಲ ಗೆದ್ದಿಲ್ಲ. ಅದನ್ನು ನಡೆಸಿದ ಪಳ್ಳಾತ್ತುರುತ್ತಿ ಬೋಟ್ ಕ್ಲಬ್‌ಗೆ ಅದು ಸತತ ಐದನೆಯ ಗೆಲುವು, ಅದೂ ಐದು ಬೇರೆ ಬೇರೆ ದೋಣಿಗಳಲ್ಲಿ. ದೋಣಿ ಒಂದೂರಿನದು, ಹುಟ್ಟು ಹಾಕುವ ಕ್ಲಬ್ ಇನ್ನೊಂದೂರಿನದು. ಇದು ಈಗಿನ ರೀತಿ. ತಿಂಗಳುಗಟ್ಟಲೆ ತರಬೇತಿ, ಪ್ರಾಯೋಜಕರು, 2019ರಿಂದ ಲೀಗ್ ಕೂಡ ಬಂದಿದೆ. ಹೊರರಾಜ್ಯದ ಆಟಗಾರರನ್ನೂ ಕರೆಸುತ್ತಾರೆ. ಹಣ ಬಂದದ್ದರಿಂದ ದೋಣಿಗಳು ಉಳಿದಿವೆ, ಹೊಸವೂ ಹುಟ್ಟುತ್ತಿವೆ. ಆದರೂ ಊರಿನವರು ದೋಣಿ ಎಳೆದು ನೀರಿಗಿಳಿಸಲು ಬಾರದ ದಿನ ಹಣವೊಂದೇ ಅದನ್ನು ನಡೆಸಲಾರದು. 2018ರ ಪ್ರವಾಹದಲ್ಲಿ ಮುಳುಗಿದ್ದ ಕುಟ್ಟನಾಡು ಅದೇ ನವೆಂಬರಿನಲ್ಲಿ ಓಟ ನಡೆಸಿತು. 2024ರಲ್ಲಿ ವಯನಾಡಿನ ಭೂಕುಸಿತದಿಂದ ಆಗಸ್ಟಿನ ಓಟವನ್ನು ಮುಂದೂಡಿದಾಗಲೂ ಅವರು ಕಾದು, ಮತ್ತೆ ಸೇರಿದರು.

ವಾಪಸು ಬರುವಾಗ ರೈಲಿನಲ್ಲಿ ನಮ್ಮ ಮಾತು ಓಟದಿಂದ ನಮ್ಮೂರಿನ ಹಡಿಲು ಗದ್ದೆಗಳಿಗೆ ಹೊರಳಿತು. ನಾವು ಭತ್ತ ಬಿಟ್ಟು ಅಡಿಕೆ ಹಿಡಿದಾಗ ನೇಜಿ ನೆಡುವ ಹಾಡು, ಮುಯ್ಯಾಳಿನ ಲೆಕ್ಕ, ಒಬ್ಬರ ಗದ್ದೆಗೆ ಇನ್ನೊಬ್ಬರು ಇಳಿಯುವ ರೂಢಿ ಎಲ್ಲವೂ ಜೊತೆಗೇ ಹೋದವು. ಪುನ್ನಮಡಕ್ಕೆ ಹೋಗುವವರಿಗೆ ನನ್ನದೊಂದು ಕೋರಿಕೆ. ಓಟದ ಟಿಕೆಟ್ ತೆಗೆಯಿರಿ, ಗುಂಪಾಗಿಯೇ ಹೋಗಿರಿ. ಹಿಂದಿನ ದಿನ ಸರ್ಕಾರಿ ಬೋಟು ಹತ್ತಿ ಆ ಗದ್ದೆಗಳನ್ನೂ ತಪ್ಪದೆ ನೋಡಿರಿ. ಒಟ್ಟಾಗಿ ದುಡಿಯುವ ಕೆಲಸ ಉಳಿದಿರುವಲ್ಲಿ ಮಾತ್ರ ಒಟ್ಟಾಗಿ ಆಡುವ ಆಟ ಉಳಿಯುತ್ತದೆ. ಆಟ ಉಳಿಸಬೇಕೆನ್ನುವವರು, ನಮ್ಮೂರಿನಲ್ಲಾಗಲಿ ಅಲ್ಲಾಗಲಿ, ಮೊದಲು ಗದ್ದೆಗೆ ಇಳಿಯಬೇಕು.