ನಾಲಗೆಯಿದ್ದೂ ನುಡಿ ಬಾರದ ಬೇನೆ

ಮನುಷ್ಯನಿಗೆ ದೊರೆತ ಸಂಪತ್ತುಗಳಲ್ಲಿ ಮಾತಿಗಿಂತ ಮಿಗಿಲಾದದ್ದು ಬೇರೊಂದಿಲ್ಲ. ಆದರೆ ಅದು ಕೈಬಿಟ್ಟು ಹೋಗುವವರೆಗೆ ಅದರ ಬೆಲೆ ನಮಗೆ ತಿಳಿಯುವದಿಲ್ಲ. ಬೆಟಗೇರಿಯ ಹಿರಿಯ ನೇಕಾರರೊಬ್ಬರನ್ನು ವಾಚಕರು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಲಿ. ಬೆಳಿಗ್ಗೆ ಮಗ್ಗದ ಮುಂದೆ ಕುಳಿತವರ ಬಲಗೈ ಸೋಲುತ್ತದೆ, ಬಾಯಿ ಸೊಟ್ಟಾಗುತ್ತದೆ, ಮಗನನ್ನು ಕೂಗಹೋದರೆ ಹೆಸರು ಬಾಯಿಗೆ ಬರುವದಿಲ್ಲ. ನೀರು ಬೇಕಾದಾಗ ‘ನೂಲು’ ಎನ್ನುತ್ತಾರೆ. ಮನೆಯವರು ಬುದ್ಧಿಯೇ ಕೆಟ್ಟಿತೆಂದು ಅಳುತ್ತಾರೆ. ಹೊಲ-ಮನೆಗಳ ವ್ಯವಹಾರವನ್ನು ಅವರ ಮುಂದೆಯೇ ಅವರನ್ನು ಕೇಳದೆ ಮುಗಿಸಿಬಿಡುತ್ತಾರೆ. ಅವರಾದರೋ ಎಲ್ಲವನ್ನೂ ತಿಳಿದುಕೊಳ್ಳುತ್ತ ಮೌನವಾಗಿ ಕಣ್ಣೀರು ಹಾಕುತ್ತಾರೆ.

ಈ ಬೇನೆಗೆ ವೈದ್ಯರು ‘ಅಫೇಸಿಯಾ’ ಎನ್ನುವರು. ಇದು ಹುಚ್ಚಲ್ಲ, ನಾಲಗೆಯ ರೋಗವೂ ಅಲ್ಲ. ಬಹುಜನರಲ್ಲಿ ಭಾಷೆಯ ನೆಲೆಯು ಮೆದುಳಿನ ಎಡಭಾಗದಲ್ಲಿರುವದು. ಅಲ್ಲಿಗೆ ರಕ್ತ ಸಾಗದೆ ಹೋದರೆ, ಅಥವಾ ಅಲ್ಲಿ ರಕ್ತನಾಳವೊಡೆದರೆ, ಇಲ್ಲವೆ ತಲೆಗೆ ಪೆಟ್ಟು ಬಿದ್ದರೆ ಮಾತು ಕೆಡುವದು. ಮೆದುಳಿನ ಎಡಭಾಗವು ದೇಹದ ಬಲಭಾಗವನ್ನು ಆಳುವದರಿಂದ ಬಲಗೈ-ಬಲಗಾಲುಗಳ ಲಕ್ವಾದೊಡನೆ ಇದು ಹಲವು ಸಲ ಕೂಡಿಬರುವದು.

ಫ್ರಾನ್ಸಿನ ವೈದ್ಯ ಪಾಲ್ ಬ್ರೋಕಾ ಎಂಬವರು 1861ರಲ್ಲಿ, ‘ತಾನ್’ ಎಂಬ ಒಂದೇ ಉಚ್ಚಾರದಲ್ಲಿ ಕಾಲ ಕಳೆದ ರೋಗಿಯ ಮೆದುಳನ್ನು ಆತನ ಮರಣಾನಂತರ ಪರೀಕ್ಷಿಸಿ, ಎಡಗಡೆಯ ಮುಂಭಾಗದಲ್ಲಿ ಕೇಡನ್ನು ಕಂಡರು. 1874ರಲ್ಲಿ ಜರ್ಮನಿಯ ಕಾರ್ಲ್ ವರ್ನಿಕೆಯವರು ಇನ್ನೊಂದು ಬಗೆಯನ್ನು ವಿವರಿಸಿದರು: ಮಾತು ಹೊಳೆಯಂತೆ ಹರಿಯುವದು, ಅರ್ಥವಿರುವದಿಲ್ಲ, ಇತರರ ಮಾತೂ ರೋಗಿಗೆ ತಿಳಿಯುವದಿಲ್ಲ. ಆದಕಾರಣ ಯಾವ ಶಕ್ತಿ ಹೋಗಿದೆ, ಯಾವದು ಉಳಿದಿದೆ ಎಂಬದನ್ನು ಮೊದಲು ಅಳೆಯಬೇಕು.

ಅದರ ಕ್ರಮ ಹೀಗಿದೆ. ಚಿತ್ರವೊಂದನ್ನು ತೋರಿಸಿ ವರ್ಣಿಸಹೇಳುವರು. ಹೌದು-ಅಲ್ಲ ಎಂದು ಉತ್ತರಿಸುವ ಪ್ರಶ್ನೆಗಳನ್ನು ಕೇಳುವರು. ಹೇಳಿದ್ದನ್ನು ತಿರುಗಿ ಹೇಳಿಸುವರು. ವಸ್ತುಗಳ ಹೆಸರು ಕೇಳುವರು. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳಬಲ್ಲರೆಂದು ಎಣಿಸುವರು. ಕೆನಡಾದ ಆಂಡ್ರ್ಯೂ ಕರ್ಟೆಸ್ಜ್ ಅವರ ‘ವೆಸ್ಟರ್ನ್ ಅಫೇಸಿಯಾ ಬ್ಯಾಟರಿ’ ಎಂಬ ಪರೀಕ್ಷೆಯಲ್ಲಿ ಇವೆಲ್ಲಕ್ಕೆ ಕೂಡಿ 100 ಅಂಕಗಳು, 93.8ಕ್ಕೆ ಕಡಿಮೆಯಾದರೆ ಬೇನೆಯಿದೆಯೆಂದು ಎಣಿಕೆ.

ಆದರೆ ಇಂಗ್ಲಿಷಿನ ಅಳತೆಗೋಲು ಎಲ್ಲ ನುಡಿಗಳಿಗೂ ಸಲ್ಲದು. ಹಾಂಗ್‌ಕಾಂಗಿನ ಕ್ಯಾಂಟೊನೀಸ್ ನುಡಿಯಲ್ಲಿ ಒಂದೇ ಉಚ್ಚಾರವು ಸ್ವರದ ಏರಿಳಿತದಿಂದ ಬೇರೆಬೇರೆ ಅರ್ಥ ಕೊಡುವದು. ಅಲ್ಲಿ ಸ್ವರವನ್ನೂ ಪರೀಕ್ಷಿಸಬೇಕು. ನಮ್ಮಲ್ಲಿ ಜೀವಾಳವಿರುವದು ಪ್ರತ್ಯಯಗಳಲ್ಲಿ. ‘ಮಗ ಅಂಗಡಿಗೆ ಹೋದನು’ ಎನ್ನಬೇಕಾದಲ್ಲಿ ರೋಗಿಯು ‘ಮಗ... ಅಂಗಡಿ... ಹೋಗು’ ಎಂದಾನು, ‘ಬಂದಳು’ ಎಂಬಲ್ಲಿ ‘ಬಂದನು’ ಎಂದಾನು. 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿಂದ ಈ ದಿಸೆಯಲ್ಲಿ ದೊಡ್ಡ ಸೇವೆ ಸಂದಿದೆ. ಮೇಲೆ ಹೇಳಿದ ಪರೀಕ್ಷೆಯ ಕನ್ನಡ ರೂಪದ ಪ್ರಮಾಣಗಳನ್ನು ಶ್ಯಾಮಲಾ ಚೆಂಗಪ್ಪ ಹಾಗೂ ರವಿಕುಮಾರ್ ಅವರು 2008ರಲ್ಲಿ ಪ್ರಕಟಿಸಿದರು.

ಇಷ್ಟಾದರೂ ಪರೀಕ್ಷಕರಲ್ಲಿ ವಿವೇಕ ಬೇಕು. ಕವಿರಾಜಮಾರ್ಗವು ತಿರುಳ್ಗನ್ನಡದ ನಾಡೆಂದು ಹೇಳಿದ ಎಲ್ಲೆಗಳಲ್ಲಿ ಪುಲಿಗೆರೆ, ಅಂದರೆ ನಮ್ಮ ಲಕ್ಷ್ಮೇಶ್ವರವೂ ಒಂದು. ಅಲ್ಲಿಯ ತಾಯಿ ಚಿತ್ರದಲ್ಲಿಯ ಈರುಳ್ಳಿಗೆ ‘ಉಳ್ಳಾಗಡ್ಡಿ’ ಎಂದರೆ, ಕಡಲೆಕಾಯಿಗೆ ‘ಶೇಂಗಾ’ ಎಂದರೆ, ಪೊರಕೆಗೆ ‘ಕಸಬರಿಗಿ’ ಎಂದರೆ ಅಂಕ ಕಳೆಯುವದು ಅನ್ಯಾಯ. ಶಾಲೆಯ ಮೆಟ್ಟಿಲೇರದವರಿಗೆ ಓದು-ಬರಹದ ಪರೀಕ್ಷೆಯಿಟ್ಟು ‘ಓದುವ ಶಕ್ತಿ ಹೋಯಿತು’ ಎನ್ನುವದೂ ಹಾಗೆಯೇ. ಶಿರಹಟ್ಟಿ, ಮುಂಡರಗಿ ಸೀಮೆಯ ತಾಂಡಾಗಳಲ್ಲಿ ಮನೆಯ ಮಾತು ಲಂಬಾಣಿ; ಲಕ್ಷ್ಮೇಶ್ವರದ ಅನೇಕ ಮನೆಗಳಲ್ಲಿ ಉರ್ದು. ಎರಡು ನುಡಿ ಬಲ್ಲವರಲ್ಲಿ ಒಂದು ಹೆಚ್ಚು, ಒಂದು ಕಡಿಮೆ ಕೆಡಬಹುದು. ಕನ್ನಡದಲ್ಲಿ ತಡವರಿಸುವ ಲಂಬಾಣಿ ಅಜ್ಜಿಯು ತನ್ನ ನುಡಿಯಲ್ಲಿ ನೆಟ್ಟಗೆ ಉತ್ತರಿಸಿಯಾಳು. ಮನೆಯಲ್ಲಿ ಯಾವ ಭಾಷೆ, ಎಷ್ಟು ಓದು ಎಂಬದನ್ನು ಮನೆಯವರೇ ಪರೀಕ್ಷಕರಿಗೆ ತಿಳಿಸತಕ್ಕದ್ದು.

ಮಾತಾಡಲಾರದವರು ಕೆಲವೊಮ್ಮೆ ಭಜನೆಯ ಪದವನ್ನು ತಪ್ಪಿಲ್ಲದೆ ಹಾಡುವರು, ವಾರಗಳ ಹೆಸರನ್ನು ಸಾಲಾಗಿ ಒಪ್ಪಿಸುವರು. ಇದನ್ನು ಕಂಡು ‘ಬೇಕೆಂದೇ ಮಾತಾಡುವದಿಲ್ಲ’ ಎಂದು ಗದರಿಸಬಾರದು. ರೂಢಿಯಿಂದ ಬಂದ ನುಡಿ ಬೇರೆ, ಆಗಿಂದಾಗ ಜೋಡಿಸುವ ನುಡಿ ಬೇರೆ.

ಗೃಹಸ್ಥರು ನೆನಪಿಡಬೇಕಾದುದಿಷ್ಟು. ಬಾಯಿ ಸೊಟ್ಟಾದರೆ, ಕೈ ಸೋತರೆ, ಮಾತು ತೊದಲಿದರೆ ಎಣ್ಣೆ ತಿಕ್ಕುತ್ತ ಕೂಡ್ರದೆ 108ಕ್ಕೆ ಕರೆಮಾಡಿ, ಬೇನೆ ಮೊದಲಾದ ಸಮಯವನ್ನು ಬರೆದಿಟ್ಟುಕೊಳ್ಳಬೇಕು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಮದ್ದನ್ನು ತಕ್ಕ ರೋಗಿಗೆ ಸಾಮಾನ್ಯವಾಗಿ ನಾಲ್ಕೂವರೆ ತಾಸುಗಳೊಳಗೆ ಕೊಡಬೇಕಾಗುವದು. ಅದಕ್ಕೂ ಮೊದಲು ತಲೆಯ ಸ್ಕ್ಯಾನ್ ಆಗಬೇಕು. ಪ್ರಾಣಭಯ ಕಳೆದ ಮೇಲೆ ವಾಕ್‌ಚಿಕಿತ್ಸಕರನ್ನು ಕಾಣಬೇಕು. ಮನೆಯಲ್ಲಿ ಒಬ್ಬೊಬ್ಬರಾಗಿ, ಚಿಕ್ಕ ವಾಕ್ಯಗಳಲ್ಲಿ, ಮುಖ ನೋಡಿ ಮಾತಾಡಬೇಕು, ಉತ್ತರಕ್ಕಾಗಿ ಕಾಯಬೇಕು, ಸನ್ನೆ-ಚಿತ್ರಗಳಿಗೂ ಎಡೆಕೊಡಬೇಕು.

ಎಲ್ಲಕ್ಕೂ ಮಿಗಿಲಾಗಿ, ಮನೆಯ ಮಾತುಕತೆಯಿಂದ ಅವರನ್ನು ಹೊರಗಿಡಬಾರದು. ನುಡಿ ಸೋತವರು ಹಿರಿತನವನ್ನು ಸೋತಿರುವದಿಲ್ಲ. ಹೊಲ ಮಾರುವ ಮಾತು ಬಂದಾಗ ಅವರ ಬಳಿಯಲ್ಲಿ ಕುಳಿತು, ‘ಅಪ್ಪಾ, ಮಾರೂಣೇನು?’ ಎಂದು ಕೇಳಿ, ಅವರು ತಲೆಯಾಡಿಸುವವರೆಗೆ ಕಾಯುವದು ಮಕ್ಕಳ ಧರ್ಮ.